ಚೊಗರು ತಿಳಿಯಾದ ವರ್ಷ

2003ರ ಬೇಸಿಗೆಯಲ್ಲಿ ಕಾನಸೂರು ಬಳಿಯ ಅಡಿಕೆ ಬೇಯಿಸುವ ಘಟಕವೊಂದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬಂತು. ಕೆಂಪು ನೀರನ್ನು ಹಳ್ಳಕ್ಕೆ ಬಿಡುವುದು ನಿಲ್ಲದಿದ್ದರೆ ಮುಂದಿನ ಕೊಯ್ಲಿಗೆ ಬಾಗಿಲು ತೆರೆಯುವಂತಿಲ್ಲ ಎಂದು ಅದರಲ್ಲಿತ್ತು.

ದೂರು ಕೊಟ್ಟವರು ಹಳ್ಳದ ಕೆಳಗಿನ ಊರಿನವರು. ಮೊದಲ ಸಹಿ ಘಟಕದ ಮಾಲೀಕರ ಹೆಂಡತಿಯ ಅಣ್ಣನದು. ಆತನ ಎಮ್ಮೆಗಳು ಹಳ್ಳದ ನೀರಿಗೆ ಮೂತಿ ಇಡುವುದನ್ನೇ ಬಿಟ್ಟಿದ್ದವು. ನಾನು ಆಗ ಶಿರಸಿಯಿಂದ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಿದ್ದೆ. ಇಬ್ಬರ ಮನೆಯಲ್ಲೂ ಚಹಾ ಕುಡಿದು, ಎರಡೂ ಕಡೆಯ ಮಾತು ಬರೆದುಕೊಂಡೆ.

ಸುಲಿದ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಆ ಕೆಂಪು ನೀರಿಗೆ ಚೊಗರು ಎನ್ನುತ್ತಾರೆ. ಮನೆಗಳಲ್ಲಿ ಯಾರೂ ಅದನ್ನು ಚೆಲ್ಲುವುದಿಲ್ಲ. ಮರುದಿನದ ಅಡಿಕೆ ಅದರಲ್ಲೇ ಬೇಯುತ್ತದೆ. ಗಟ್ಟಿಯಾದದ್ದು ಡ್ರಮ್ಮಿನಲ್ಲಿ ಮುಂದಿನ ವರ್ಷದವರೆಗೂ ಕೂತಿರುತ್ತದೆ. ಕೆಂಪಡಿಕೆಗೆ ಬಣ್ಣ ಕೊಡುವುದು ಅದೇ. ಮಾಲೀಕರೂ ಅಂಥದೇ ಮನೆಯಲ್ಲಿ ಬೆಳೆದವರು. ಆದರೆ ಘಟಕ ಹಾಕಿದ ಮೇಲೆ ಡ್ರಮ್ಮು ಅವರಿಗೆ ಸಣ್ಣವರ ಸಾಮಾನಾಗಿ ಕಂಡಿತು. ಹಗಲೆಲ್ಲ ಒಂದೇ ನೀರಿನಲ್ಲಿ ಬೇಯಿಸಿ ಸಂಜೆ ವಾಲ್ವ್ ತಿರುಗಿಸಿಬಿಡುತ್ತಿದ್ದರು. ನೋಟಿಸಿನಲ್ಲಿ ಚೊಗರನ್ನು ‘ಕೈಗಾರಿಕಾ ತ್ಯಾಜ್ಯನೀರು’ ಎಂದು ಕರೆಯಲಾಗಿತ್ತು. ಆ ಹೆಸರು ಅವರಿಗೆ ಹಿಡಿಸಿತು. ತ್ಯಾಜ್ಯ ಇದೆ ಎಂದಮೇಲೆ ಕೈಗಾರಿಕೆಯೂ ಇದೆ ಎಂದು ಸರ್ಕಾರವೇ ಒಪ್ಪಿದಂತಾಯಿತಲ್ಲ.

ಹುಬ್ಬಳ್ಳಿಯಿಂದ ಸಲಹೆಗಾರರು ಬಂದರು. ಮೂರು ಟ್ಯಾಂಕು ಎದ್ದವು. ಮೊದಲನೆಯದರಲ್ಲಿ ಸುಣ್ಣ, ಪಟಿಕ ಹಾಕಿ ಕೆಸರು ಇಳಿಸುವುದು. ಎರಡನೆಯದರಲ್ಲಿ ಮರಳು, ಇದ್ದಿಲು. ಮೂರನೆಯದಕ್ಕೆ ಬಂದ ತಿಳಿನೀರು ಪಂಪಿನ ಮೂಲಕ ಮತ್ತೆ ಬೇಯಿಸುವ ಹಂಡೆಗೆ. ಹಳ್ಳಕ್ಕೆ ಹನಿಯೂ ಇಲ್ಲ. ಅಧಿಕಾರಿ ನೋಡಿ ಸಂತೋಷಪಟ್ಟು ಅನುಮತಿ ಕೊಟ್ಟರು. ಮಾಲೀಕರ ಮೇಜಿನ ಮೇಲೆ ಎರಡು ಬಾಟಲಿ ಬಂದು ಕೂತವು: ಒಂದರಲ್ಲಿ ಚೊಗರು, ಇನ್ನೊಂದರಲ್ಲಿ ತಿಳಿನೀರು. ಬಂದವರು ಅವುಗಳನ್ನು ಹೊಗಳಿದ ಮೇಲೆಯೇ ಚಹಾ. ಬಾಟಲಿಗಳ ಚಿತ್ರದೊಂದಿಗೆ ಸುದ್ದಿಯೂ ಪ್ರಕಟವಾಯಿತು.

ಕೊಯ್ಲು ಶುರುವಾಯಿತು. ಪ್ರತಿ ಹಂಡೆ ಅಡಿಕೆಯೂ ಶುದ್ಧ ನೀರಿನಲ್ಲಿ ಬೆಂದು, ಒಣಗಿ, ಬಿಳಿಚಿಕೊಂಡಿತು. ಸಿದ್ದಾಪುರದ ಮಾರುಕಟ್ಟೆಯಲ್ಲಿ ಯಾರೂ ಆ ರಾಶಿಗೆ ದರ ಬರೆಯಲಿಲ್ಲ. ಅದೇ ಲೋಡು ಯಲ್ಲಾಪುರಕ್ಕೆ ಹೋಯಿತು. ಅಲ್ಲಿ ಹಾವೇರಿ ಕಡೆಯ ವ್ಯಾಪಾರಿಯೊಬ್ಬರು ಒಂದು ಹಿಡಿ ಎತ್ತಿ ನೋಡಿ ಕೆಳಗೆ ಸುರಿದರು. ಮಾಲೀಕರು ಶುದ್ಧೀಕರಣದ ಹಂತಗಳನ್ನೆಲ್ಲ ವಿವರಿಸಿ, ಜತೆಗೇ ತಂದಿದ್ದ ತಿಳಿನೀರಿನ ಬಾಟಲಿ ತೋರಿಸಿದರು.

“ನೀರ ಭಾಳ ಚಂದ ಐತ್ರಿ,” ಎಂದರು ವ್ಯಾಪಾರಿ. “ಹಂಗಾರ ನೀರ ಮಾರ್ರಿ.”

ತಮ್ಮೂರಿನ ಇಡೀ ಫಸಲು ಕೊಳ್ಳಲು ಮಾಲೀಕರು ಮೊದಲೇ ಮಾತು ಕೊಟ್ಟಿದ್ದರು. ಸುಲಿದ ಅಡಿಕೆ ದಿನವೂ ಬಂದು ಬೀಳುತ್ತಿತ್ತು. ಅದು ಕಾಯುವ ವಸ್ತುವಲ್ಲ. ಇನ್ನೊಂದು ಲೋಡು ಹೀಗೇ ವಾಪಸಾದರೆ ಘಟಕ ಮುಚ್ಚಲು ನೋಟಿಸಿನ ಅಗತ್ಯವೂ ಇರಲಿಲ್ಲ. ಬಣ್ಣಕ್ಕೆ ಹಳೆಯ ಚೊಗರೇ ಬೇಕು. ತಮ್ಮೂರಿನ ಮನೆಗಳಲ್ಲಿ ಬೇಯಿಸುವುದೇ ನಿಂತಿದ್ದರಿಂದ ಅದು ಇದ್ದದ್ದು ಕೆಳಗಿನ ಊರಿನ ಡ್ರಮ್ಮುಗಳಲ್ಲಿ. ಮಾಲೀಕರು ಖಾಲಿ ಡ್ರಮ್ಮುಗಳೊಂದಿಗೆ ಹೋಗಿ ಹೆಂಡತಿಯ ಅಣ್ಣನ ಅಂಗಳದಲ್ಲಿ ನಿಂತಾಗ ನಾನೂ ಜೀಪಿನಲ್ಲಿದ್ದೆ.

“ಎಂತ ಭಾವ, ತ್ಯಾಜ್ಯ ಬೇಕಾತ?” ಎಂದು ಆತ ಜಗಲಿಯಿಂದಲೇ ಕೇಳಿದ.

ಮಾಲೀಕರು ಚೊಗರು ಬೇಕಿತ್ತು ಎಂದರು.

“ಇದ್ದು. ಯಂಗಳ ಮನೇಲಿ ಚೆಲ್ಲದಿಲ್ಲೆ. ಆದ್ರೆ ಒಂದು ಮಾತು. ತಗಂಡ್ಹೋದದ್ದು ಹಳ್ಳದ ಮೇಲೆ ವಾಪಸ್ ಬಪ್ಪಲಾಗ.” ಒಂದು ಹನಿಯೂ ಹಳ್ಳಕ್ಕೆ ಬರುವುದಿಲ್ಲ ಎಂದು ಮಾಲೀಕರು ಮಾತು ಕೊಟ್ಟರು.

ದೂರಿಗೆ ಸಹಿ ಹಾಕಿದ್ದ ಉಳಿದವರೂ ತಮ್ಮ ತಮ್ಮ ಡ್ರಮ್ಮು ಉರುಳಿಸಿಕೊಂಡು ಬಂದರು. ಹಿಂದೆ ನಾತ ಎಂದು ಮೂಗು ಮುಚ್ಚಿಕೊಂಡು ನನಗೆ ಹೇಳಿಕೆ ಕೊಟ್ಟಿದ್ದವರೊಬ್ಬರು, ತಮ್ಮ ಚೊಗರು ಎಷ್ಟು ಹಳೆಯದೆಂದು ಅಭಿಮಾನದಿಂದ ವಿವರಿಸಿದರು. ಮುಂದಿನ ಲೋಡು ಕೆಂಪಗಿತ್ತು. ಯಲ್ಲಾಪುರದಲ್ಲಿ ಅದೇ ವ್ಯಾಪಾರಿ ಕೊಂಡರು.

ಸುಣ್ಣ, ಪಟಿಕ ತರಿಸುವುದು ಅಲ್ಲಿಗೆ ನಿಂತಿತು. ಮರುವರ್ಷ ತಪಾಸಣೆಗೆ ಬಂದ ಅಧಿಕಾರಿಗೆ ಮಾಲೀಕರು ಬಾಟಲಿಗಳನ್ನು ತೋರಿಸಿದರು. ಟ್ಯಾಂಕಿನ ಮುಚ್ಚಳ ತೆಗೆಯಿರಿ ಎಂದು ಅಧಿಕಾರಿ ಹೇಳಲಿಲ್ಲ. ಹಳ್ಳ ತಿಳಿಯಾಗಿರುವುದನ್ನು ಮಾತ್ರ ನೋಡಿ, ಶುದ್ಧೀಕರಣ ತೃಪ್ತಿಕರವಾಗಿ ನಡೆಯುತ್ತಿದೆ ಎಂದು ಬರೆದುಹೋದರು.

2008ರ ಕೊಯ್ಲಿನಲ್ಲಿ ನಾನು ಅಲ್ಲಿಗೆ ಹೋದಾಗ ಮೂರೂ ಟ್ಯಾಂಕುಗಳಲ್ಲಿ ಮರುದಿನದ ಹಂಡೆಗೆಂದು ಕೂಡಿಟ್ಟ ಚೊಗರು ತುಂಬಿತ್ತು. ಎಮ್ಮೆಗಳು ಹಳ್ಳದಲ್ಲಿ ನೀರು ಕುಡಿಯುತ್ತಿದ್ದವು. ತಿಳಿನೀರಿನ ಬಾಟಲಿ ಮೇಜಿನ ಮೇಲೆಯೇ ಇತ್ತು.