ಮೇಸ್ತ್ರಿಯ ಕೆಮ್ಮು, ಮೇಸ್ತ್ರಿಯ ಬೆರಳು

ಮೇಸ್ತ್ರಿಯ ಬಲಗೈ ಗ್ಲೌಸಿಗೆ ಮೂರೇ ಬೆರಳು. ಕೈಗೆ ಮಾತ್ರ ಐದೂ ಇದ್ದವು. ಹೆಬ್ಬೆರಳು, ತೋರುಬೆರಳಿನ ಜಾಗವನ್ನು ಅವರೇ ಕತ್ತರಿಸಿದ್ದರು. ಮೈನಸ್ ಐದು ಡಿಗ್ರಿಯಲ್ಲಿ ಅವೆರಡೂ ಬೀಟ್‌ರೂಟಿನಂತೆ ಕೆಂಪಗೆ ಹೊರಗೆ ಇಣುಕುತ್ತಿದ್ದವು.

ಮಲೇಶಿಯಾದಲ್ಲಿ ಎಲ್ಲಿಯ ಮೈನಸ್ ಐದು ಎನ್ನಬೇಡಿ. ಸೈಬರ್‌ಜಯಾ ಹತ್ತಿರದ ಒಂದು ಮಾಲಿನೊಳಗೆ, ಯಂತ್ರ ಸುರಿಸುವ ಹಿಮದಲ್ಲಿ ಮಕ್ಕಳು ಆಡುವ ಜಾಗವಿದೆ. ಅಲ್ಲಿ ಮಕ್ಕಳ ಜಾರುಬಂಡಿ ಎಳೆಯಲು ಒಂದು ಸ್ನೋಮೊಬೈಲು. ಅದರ ರಿಪೇರಿಗೆ ಉಡುಪಿ ಕಡೆಯ ಮೇಸ್ತ್ರಿ. ಅವರ ಕೈಕೆಳಗೆ ಇಂಟರ್ನ್ ನಾನು, ಬೆಂಗಳೂರಿನಿಂದ ಇಂಜಿನಿಯರಿಂಗ್ ಓದಲು ಬಂದು ಮಿಮಿಕ್ರಿಯಲ್ಲಿ ಮಾತ್ರ ಫಸ್ಟ್ ಕ್ಲಾಸ್ ಗಿಟ್ಟಿಸಿದವನು.

ಹೊಸ ಬೋಲ್ಟಿಗೆ ಮೇಸ್ತ್ರಿ ಮಾಡುತ್ತಿದ್ದ ಉಪಚಾರ ಬೀಗರಿಗೂ ಸಿಗದು. ತಲೆಯ ಮೇಲಿನ ನಂಬರ್ ಓದಿ, ಹಳೆಯದರ ಪಕ್ಕ ಮಲಗಿಸಿ ಅಳೆದು, ಕೊನೆಗೆ ಬರಿಬೆರಳಲ್ಲಿ ನಟ್ಟು ತಿರುಗಿಸುವುದು. "ಬೆರಳಿಗೆ ಬಾರದ್ದನ್ನು ಸ್ಪ್ಯಾನರಲ್ಲಿ ಎಳೆದ್ರೆ ಅದು ಬಲವಂತದ ಮದುವೆ ಮಾರಾಯ." ಎಲ್ಲ ಸರಿಯಿದ್ದರೆ ವಾಕಿಟಾಕಿಯಲ್ಲಿ ಎರಡು ಕೆಮ್ಮು, ಆಮೇಲೆ "ಓಕೆ, ಬೋಲೆ ಜಲಾನ್", ಅಂದರೆ ಮಲಯ ಭಾಷೆಯಲ್ಲಿ 'ಹೊರಡಬಹುದು'. ಗಾಡಿ ಓಡಿಸುವವಳು ನಮ್ಮಿಂದ ಅರ್ಧ ಕನ್ನಡ ಕಲಿತಿದ್ದ ತಮಿಳು ಅಕ್ಕ. ಆ ಕೆಮ್ಮು ಕೇಳದೆ ಅವಳು ಕೀಲಿ ಮುಟ್ಟುತ್ತಿರಲಿಲ್ಲ.

ಒಂದು ಶನಿವಾರ ಗಾಡಿಯ ಮುಂದೆ ಹಿಮದಲ್ಲಿ ಜಾರುವ ಪಟ್ಟಿ, ಅಂದರೆ ಸ್ಕೀ, ಹಿಡಿಯುವ ಬೋಲ್ಟು ಸವೆದಿತ್ತು. ಅಂಗಡಿಯಿಂದ ನಾನು ಫಳಫಳ ಹೊಳೆಯುವ ಸ್ಟೀಲಿನದು ತಂದೆ.

"ಎಂಥದಿದು? ತುದಿಯಿಂದ ತಲೆವರೆಗೆ ಥ್ರೆಡ್ಡು! ಬೋಲ್ಟಿನ ಮೇಲೆ ಸ್ಕೀ ತಿರುಗುವ ಜಾಗ ನುಣ್ಣಗಿರ್ಬೇಕು. ಇದು ಗರಗಸದ ಹಾಗೆ ಒಳಗೆ ತಿಂತದೆ. ಹೊಳಪು ನೋಡಿ ತಂದದ್ದಾ? ನಿನ್ನನ್ನು ಬದನೆಕಾಯಿ ತರ್ಲಿಕ್ಕೂ ಕಳಿಸ್ಬಾರ್ದು."

ಅಕ್ಕ ಗಾಡಿಯನ್ನು ಬದಿಗೆ ಸರಿಸುವಷ್ಟು ಹೊತ್ತಿಗೆಂದು ಅದನ್ನೇ ಸಿಕ್ಕಿಸಿ, ಸರಿಯಾದದ್ದನ್ನು ಹುಡುಕಲು ಅವರು ಸ್ಟೋರಿಗೆ ಹೋದರು. ವಾಕಿಟಾಕಿ ಮೇಜಿನ ಮೇಲೆ ಉಳಿಯಿತು.

ಟೀ ಕುಡಿಯುತ್ತಿದ್ದವರನ್ನು ನಗಿಸಲು ನಾನದನ್ನು ಎತ್ತಿಕೊಂಡು, ಮೇಸ್ತ್ರಿಯಂತೆ ಇಲ್ಲದ ಹೊಟ್ಟೆ ಮುಂದೆ ಮಾಡಿ, ಎರಡು ಸಲ ಕೆಮ್ಮಿದೆ. "ಓಕೆ, ಬೋಲೆ ಜಲಾನ್." ಎಲ್ಲರೂ ನಕ್ಕರು. ಗುಂಡಿ ಒತ್ತಿಯೇ ಇದ್ದದ್ದು ತಿಳಿದದ್ದು, ಗಾಜಿನಾಚೆ ಅಕ್ಕ ಆರು ಮಕ್ಕಳ ಜಾರುಬಂಡಿ ಸಿಕ್ಕಿಸಿಕೊಂಡು ಹೊರಟಾಗ.

"ಅಕ್ಕಾ, ನಿಲ್ಸಿ!" ಎಂದು ವಾಕಿಟಾಕಿಯಲ್ಲಿ ಕಿರುಚಿದೆ. ಈ ಸಲ ಮೇಸ್ತ್ರಿಯ ದನಿ ಬರಲಿಲ್ಲ, ನನ್ನದೇ ಬಂತು.

"ತಂಬಿ, ಆಟ ಬೇಡ ಲಾ!" ಎಂದಳು ಅಕ್ಕ, ಗಾಡಿ ನಿಲ್ಲಿಸದೆ.

ಕಿರುಚಾಟ ಕೇಳಿ ಬಂದ ಮೇಸ್ತ್ರಿ ಹಿಮದ ಮೇಲೆ ಹವಾಯಿ ಚಪ್ಪಲಿಯಲ್ಲೇ ಓಡಿದರು. ಒಂದು ಚಪ್ಪಲಿ ಹಿಂದುಳಿಯಿತು, ಗಾಡಿ ನಿಂತಿತು. ಮಕ್ಕಳು ಇದೂ ಆಟವೆಂದು ಚಪ್ಪಾಳೆ ತಟ್ಟಿದರು.

ನನ್ನನ್ನು ಓಡಿಸುತ್ತಾರೆಂದೇ ತಿಳಿದಿದ್ದೆ. ಅವರು ಬರಿಗಾಲು ಉಜ್ಜಿಕೊಳ್ಳುತ್ತಾ, "ನನ್ನ ಕೆಮ್ಮು ತಕೊಂಡಿ, ಆಗ್ಲಿ. ಬೆರಳು ಯಾಕೆ ತಕೊಳ್ಳಲಿಲ್ಲ?" ಎಂದರು. ಕತ್ತರಿ ತಂದು ನನ್ನ ಗ್ಲೌಸಿನ ಎರಡು ಬೆರಳು ಕತ್ತರಿಸಿದರು.

ಕಳೆದ ತಿಂಗಳು ಅವರು ಕೆಲಸ ಬಿಟ್ಟು ಪೆನಾಂಗಿನ ಮಗಳ ಮನೆಗೆ ಹೊರಟರು. ಕೊನೆಯ ದಿನ ಹೊಸ ಬೋಲ್ಟು ನಾನೇ ಆರಿಸಿ ಹಾಕಿದೆ. ವಾಕಿಟಾಕಿ ನನ್ನ ಕೈಗಿಟ್ಟರು. "ಹೇಳು. ನಿನ್ನ ದನಿಯಲ್ಲಿ."

"ಓಕೆ ಅಕ್ಕ, ಬೋಲೆ ಜಲಾನ್." ನನ್ನ ದನಿ ಇಷ್ಟು ತೆಳುವೆಂದು ನನಗೇ ಗೊತ್ತಿರಲಿಲ್ಲ.

ಗಾಜಿನಾಚೆ ಅಕ್ಕ ಕೀಲಿ ಮುಟ್ಟಲಿಲ್ಲ. ಆಮೇಲೆ, "ತಂಬಿ, ಬೆರಳಲ್ಲಿ ನೋಡಿದ್ಯಾ?"

ಬೀಟ್‌ರೂಟಾಗಿದ್ದ ಎರಡು ಬೆರಳು ನೋಡಿಕೊಂಡೆ. "ನೋಡಿದೆ ಅಕ್ಕ."

ಗಾಡಿ ಹೊರಟಿತು. ಪಕ್ಕದಲ್ಲಿ ಮೇಸ್ತ್ರಿ ಎರಡು ಸಲ ಕೆಮ್ಮಿದರು, ಯಾರಿಗೂ ಕೇಳಿಸಬೇಕಾಗಿರಲಿಲ್ಲ.