ತಿಂದು ಮುಗಿಸಿದ ವಿವರಣೆ

ನಿನ್ನೆ ಸಂಜೆ ಆಫೀಸಿನ ಕ್ಯಾಂಟೀನಿನಲ್ಲಿ ನಾವು ಮೂವರಿದ್ದೆವು: ನಾನು, ನಮ್ಮ ಮ್ಯಾನೇಜರ್ ಮೇಡಂ, ಹೊಸದಾಗಿ ಸೇರಿದ ಹುಡುಗಿ. ಆಗಷ್ಟೇ ಕರಿದ ಬಿಸಿ ಗೋಳಿಬಜೆಯ ತಟ್ಟೆ ಬಂತು. ಶುಂಠಿ, ಹುಳಿ ಮೊಸರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಡಂ ನನ್ನ ಮುಖ ನೋಡಿದರು. ಇಬ್ಬರಿಗೂ ನೆನಪಾದದ್ದು ಒಬ್ಬರೇ...

ನಾವು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಬೈಕಂಪಾಡಿಯ ಗೋದಾಮುಗಳಲ್ಲಿ ಯಾವ ಸರಕು ಎಲ್ಲಿದೆ ಎಂದು ತೋರಿಸುವ ಸಾಫ್ಟ್‌ವೇರ್ ಅವರೇ ಕಟ್ಟಿದ್ದು. ಅದು ಹೇಗೆ ನಡೆಯುತ್ತದೆ ಎಂದು ಕೇಳಿದರೆ ಕ್ಯಾಂಟೀನಿಗೆ ಕರೆದೊಯ್ಯುವರು. ಚಟ್ನಿಯ ಬಟ್ಟಲು ಡೇಟಾಬೇಸ್, ಗೋಳಿಬಜೆಗಳು ಸರ್ವರ್‌ಗಳು. ಒಂದನ್ನು ಅತ್ತ ಸರಿಸಿ, ಇನ್ನೊಂದನ್ನು ಇತ್ತ ಇಟ್ಟು ಹೇಳಿದರೆ ಎಂಥ ದಡ್ಡನಿಗೂ ತಿಳಿಯಬೇಕು. ಆಮೇಲೆ ಎಲ್ಲರೂ ಸೇರಿ ಆ ವಿವರಣೆಯನ್ನು ತಿಂದು ಮುಗಿಸುತ್ತಿದ್ದೆವು.

ಟೀಮಿಗೆ ಲೀಡ್ ನೇಮಿಸುವ ಕಾಲ ಬಂತು. ಆರಿಸುವವರು ಬೇರೆ ಊರಿನಲ್ಲಿದ್ದವರು. ಬರೆದು ಕಳಿಸಿದ್ದನ್ನು ಓದಿಯೇ ತೀರ್ಮಾನಿಸುವವರು.

"ಅಣ್ಣಾ, ನಿಮ್ಮ ಕೆಲಸದ ಬಗ್ಗೆ ಎರಡು ಪುಟ ಬರೆದು ಕೊಡಿ. ಅವರಿಗೆ ನಿಮ್ಮ ಗೋಳಿಬಜೆ ಕಾಣುದಿಲ್ಲ," ಎಂದು ಮೇಡಂ ಅಂಗಲಾಚಿದರು.

"ಎಂತ ಮೇಡಂ, ಫೋನ್ ಮಾಡ್ಲಿಕ್ಕೆ ಹೇಳಿ. ಈಗಲೇ ಹೇಳ್ತೇನೆ," ಎಂದು ಅಣ್ಣ ನಕ್ಕರು. ಆದರೂ ಒಂದು ಮಧ್ಯಾಹ್ನವಿಡೀ ಕೂತರು. ಬರೆದರು, ಅಳಿಸಿದರು. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ, "ಬರೀಲಿಕ್ಕೆ ಕೂತರೆ ಎದುರಿಗೆ ಯಾರೂ ಇಲ್ಲ ಮಾರಾಯ. ಯಾರಿಗೆ ಹೇಳುದು?" ಎಂದರು.

ಹುದ್ದೆ ಅವರಿಗಿಂತ ಕಿರಿಯನೊಬ್ಬನಿಗೆ ಹೋಯಿತು. ಅವನದ್ದೇನೂ ಮೋಸವಲ್ಲ, ಅವನು ಬರೆದದ್ದು ಅವನನ್ನು ಕಾಣದವರಿಗೂ ಅರ್ಥವಾಗುತ್ತಿತ್ತು. ಬಾಯಲ್ಲಿಟ್ಟ ಬೆಲ್ಲ ಮನೆಮಂದಿಗೆ ಉಳಿಯುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರು... ಅಣ್ಣ ಆ ವರ್ಷವೇ ಕೆಲಸ ಬಿಟ್ಟರು.

ಎಷ್ಟೋ ಕಾಲದ ಮೇಲೆ ಆ ಸಾಫ್ಟ್‌ವೇರ್ ಕೆಟ್ಟು ನಿಂತಿತು. ಅದರ ಒಳಗು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೇಳೋಣವೆಂದು ವಾಮಂಜೂರಿನ ಅವರ ಮನೆಗೆ ಹೋದೆ. ಪಾರ್ಶ್ವವಾಯು ಬಡಿದು ಅಣ್ಣನ ಮಾತು ನಿಂತುಹೋಗಿತ್ತು, ಬಲಗೈಯೂ. ಬಂದ ಕಾರಣ ಹೇಳಿದೆ. ಅವರ ಹೆಂಡತಿ ನನಗೆಂದು ಗೋಳಿಬಜೆ ತಂದಿಟ್ಟರು. ಅಣ್ಣ ಎಡಗೈಯಿಂದ ತಟ್ಟೆಯನ್ನು ಎಳೆದುಕೊಂಡು, ಒಂದನ್ನು ಚಟ್ನಿಯ ಬಟ್ಟಲಿನ ಪಕ್ಕಕ್ಕಿಟ್ಟರು, ಎರಡನ್ನು ದೂರ ತಳ್ಳಿದರು. ನನ್ನನ್ನೇ ನೋಡಿದರು.

"ಎಂತ ಹೇಳಿದ್ದು, ಗೊತ್ತಾಯ್ತಾ?" ಎಂದು ಅವರ ಹೆಂಡತಿ ಕೇಳಿದರು.

"ಗೊತ್ತಾಯ್ತು," ಎಂದೆ. ಗೊತ್ತಾಗಿರಲಿಲ್ಲ.

ಕಂಪನಿಯವರು ಆ ಹಳೆಯ ಸಾಫ್ಟ್‌ವೇರನ್ನು ತೆಗೆದುಹಾಕಿ ಹೊಸದು ಮಾಡಿಸಿದರು. ಮಳೆ ಹಿಡಿಯುವ ಮೊದಲು ಅಣ್ಣನೂ ತೀರಿಕೊಂಡರು...

ನಿನ್ನೆ ಆ ಹುಡುಗಿ ತಾನು ಮಾಡಿದ ಕೆಲಸವನ್ನು ಬಾಯಲ್ಲೇ ಹೇಳಲು ಹೊರಟಳು. ಮೇಡಂ ತಟ್ಟೆಯನ್ನು ತಮ್ಮತ್ತ ಸರಿಸಿಕೊಂಡು, "ಮೊದಲು ಬರಿ ಮಗಾ, ಮತ್ತೆ ತಿನ್ನುವ," ಎಂದರು. ಅವಳು ಲ್ಯಾಪ್‌ಟಾಪ್ ತೆರೆದಳು. ನಾವಿಬ್ಬರೂ ಕಾದೆವು. ಗೋಳಿಬಜೆ ಆರಿಹೋಯಿತು.