ಗಾಯದ ಬಟ್ಟೆ ಬಿಚ್ಚಿದ ಹವಾಲ್ದಾರರು

ತೊಡೆಗೆ ಗುಂಡು ಬಿದ್ದು ನೆಲಕ್ಕೆ ಒರಗಿದ ಮನುಷ್ಯನನ್ನು ಪೊಲೀಸರು ಕೇಳುವ ಮೊದಲ ಪ್ರಶ್ನೆ ಯಾವುದು, ಗೊತ್ತೇ?

"ನಿಮ್ಮಪ್ಪನ ಹೆಸರೇನ್ರಿ?"

ತಮಾಷೆಯಲ್ಲ. ಕಳೆದ ಭಾನುವಾರ ಸಂಜೆ ಸೂಡಿ ಕಡೆಯ ಹೊಲದಲ್ಲಿ ನಮ್ಮಣ್ಣನನ್ನು ಕೇಳಿದ್ದು. ನಾನು ಪಕ್ಕದಲ್ಲೇ ಇದ್ದೆ. (ಠಾಣೆ ಯಾವುದು ಅಂತ ಕೇಳಬೇಡಿ. ನಾನೂ ಇದೇ ಸೀಮೆಯಲ್ಲಿ ಬಾಳಬೇಕು.)

ಆದದ್ದಿಷ್ಟು. ಗೋವಿನಜೋಳಕ್ಕೆ ಕಾಡುಹಂದಿಗಳ ಕಾಟ. ಬಾಜೂ ಹೊಲದವರ ಹತ್ತಿರ ಬೆಳೆ ಕಾಯುವ ಲೈಸೆನ್ಸ್ ಬಂದೂಕು ಇದೆ. ಬೆಳೆಯೊಳಗೆ ಏನೋ ಅಲುಗಾಡಿತು, ಹಂದಿ ಎಂದು ಹೊಡೆದರು. ಅಲ್ಲಿ ಬಗ್ಗಿ ಮೇವು ಕೊಯ್ಯುತ್ತಿದ್ದವನು ನಮ್ಮಣ್ಣ.

ಅಣ್ಣ ಕೂಗಲೂ ಇಲ್ಲ. "ಏನೋ ಬಡೀತು ನೋಡು" ಎಂದು ಕುಳಿತುಬಿಟ್ಟ. ಧೋತರ ನೋಡನೋಡುತ್ತ ಕೆಂಪಾಯಿತು. ಅಣ್ಣನ ಹೆಂಡತಿ, ನಮ್ಮ ಶಾಂತಾ ವೈನಿ, ರೊಟ್ಟಿ ಕಟ್ಟಿಕೊಂಡು ಬಂದಿದ್ದ ಬಟ್ಟೆಯನ್ನೇ ಗಾಯಕ್ಕೆ ಬಿಗಿದು, ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತರು. ರಕ್ತ ಒಂದಿಷ್ಟು ತಡೆಯಿತು.

ಫೋನ್ ಮಾಡಿದರೆ ಆಂಬ್ಯುಲೆನ್ಸ್ ದೂರ ಇತ್ತು. ಆದರೆ ರಸ್ತೆಯ ಮೇಲೆ ಟಂಟಂ ಗಾಡಿಯೊಂದು ನಿಂತಿತ್ತಲ್ಲ? ಎತ್ತಿ ಹಾಕಿಕೊಂಡು ಹೋಗಬಹುದಿತ್ತಲ್ಲ?

"ಗುಂಡಿನ ಕೇಸ ಐತ್ರಿ. ಪೊಲೀಸ್ರು ಬರೂ ತನಾ ಮುಟ್ಟಬ್ಯಾಡ್ರಿ" ಎಂದರು ಗಾಡಿಯವರು. ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಹಾವು ಕಚ್ಚಿದರೆ ಹೊತ್ತುಕೊಂಡು ಓಡುವ ಜನ ಇವರೇ. ಬೈಕಿನಿಂದ ಬಿದ್ದವನಿಗೆ ನೀರು ಕುಡಿಸುವ ಜನವೂ ಇವರೇ. ಗುಂಡು ಅಂದಕೂಡಲೇ ಎಲ್ಲರಿಗೂ ಕೋರ್ಟಿನ ಕಟೆಕಟೆ ಕಾಣುತ್ತದೆ. ನನಗೂ ಕಂಡಿತು. ಹಾಗಾಗಿ ಠಾಣೆಗೆ ಫೋನ್ ಮಾಡಿ ಕಾದೆವು. ಅಣ್ಣ "ಚಳಿ ಆಗಾಕತ್ತೈತಿ" ಎಂದ. ಆ ಸೆಕೆಯಲ್ಲಿ ಚಳಿ!

ಕೊನೆಗೂ ಜೀಪು ಬಂತು. ಹೋದ ಜೀವ ಬಂದಂತಾಯಿತು. ಹವಾಲ್ದಾರರು ಇಳಿದರು, ಅಪ್ಪನ ಹೆಸರು ಕೇಳಿದರು, ಮೊಬೈಲ್ ತೆಗೆದರು.

"ಬಟ್ಟಿ ಬಿಚ್ಚವಾ. ಗಾಯದ ಫೋಟೋ ಬೇಕು."

"ಬಿಚ್ಚಿದ್ರ ರಕ್ತ ಬರ್ತೈತ್ರಿ ಯಪ್ಪಾ."

"ಆ ಬಟ್ಟಿನೂ ಸಾಕ್ಷಿನ ಐತಿ. ಲಗೂ ಬಿಚ್ಚು."

ವೈನಿ ಕೈ ತೆಗೆಯಲಿಲ್ಲ. ಹವಾಲ್ದಾರರೇ ಬಗ್ಗಿ ಗಂಟು ಸಡಿಲಿಸಿದರು. ರಕ್ತ ಬುಳಕ್ಕನೆ ಉಕ್ಕಿತು. ಅಣ್ಣನ ಕಣ್ಣು ಮೇಲಕ್ಕೆ ಹೋದವು. ಅಂಥ ಭಯ ನಾನು ಜನ್ಮದಲ್ಲಿ ಪಟ್ಟಿರಲಿಲ್ಲ. ಇಷ್ಟೇ, ಮುಗಿಯಿತು ಅಂದುಕೊಂಡೆ. ವೈನಿ ಮಾತ್ರ ಹವಾಲ್ದಾರರ ಕೈಯನ್ನೇ ತಳ್ಳಿ, ಬರಿಗೈಯಿಂದ ಗಾಯ ಅದುಮಿ ಹಿಡಿದು ಚೀರಿದರು:

"ಮೊದಲ ಜೀವಾ ಉಳಸ್ರಿ! ಸತ್ತ ಮ್ಯಾಲೆ ಬೇಕಾದಷ್ಟು ಫೋಟೋ ತಗೋರಿ!"

ಹವಾಲ್ದಾರರು ಮೊಬೈಲ್ ಜೇಬಿಗೆ ಇಟ್ಟರು. ನಾನು ಜೀಪಿನ ಫಸ್ಟ್ ಏಡ್ ಡಬ್ಬಿ ಕೇಳಿದೆ. ಇತ್ತು, ಕೀಲಿ ಹಾಕಿತ್ತು. ಕೀಲಿಕೈ ಠಾಣೆಯಲ್ಲಿ.

"ಯಾಕ್ರಿ?"

"ಸಾಮಾನು ಕಳವು ಆಗ್ತಾವ್ರಿ."

(ಪೊಲೀಸ್ ಜೀಪಿನಿಂದ! ಬೇರೆ ದಿನವಾಗಿದ್ದರೆ ಹೊಟ್ಟೆ ತುಂಬ ನಗುತ್ತಿದ್ದೆ.)

ಆಮೇಲೆ ಹವಾಲ್ದಾರರೇ ಅಣ್ಣನನ್ನು ಎತ್ತಿ ಜೀಪಿಗೆ ಹಾಕಿದರು. ಗಜೇಂದ್ರಗಡದ ದಾರಿಯುದ್ದಕ್ಕೂ ವೈನಿ ಕೈ ಎತ್ತಲಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮಗ ಟ್ರೇನಿಂಗ್ ಕೊಟ್ಟಿಲ್ಲೇನ್ರಿ?" ಎಂದೆ.

"ಕೊಟ್ಟಾರ್ರಿ. ಗೊಂಬಿ ಮ್ಯಾಲೆ ತೋರಿಸಿದ್ರು. ಗೊಂಬಿಗೆ ರಕ್ತ ಬರಂಗಿಲ್ಲಲ್ರಿ." ಮತ್ತೆ ಹೇಳಿದರು, "ನಾ ಕಟ್ಟಿ, ಅವರು ಸತ್ತರ? ನಿನಗ ಮುಟ್ಟು ಅಂದವರ್ಯಾರು ಅಂತಾರ್ರಿ ಸಾಹೇಬ್ರು. ಫೋಟೋ ಇಲ್ದಿದ್ರೂ ಬೈತಾರ." ಆ ಜೀಪಿನಲ್ಲಿ ಹೆದರದೇ ಕುಳಿತವರು ಯಾರೂ ಇರಲಿಲ್ಲ.

ಪೊಲೀಸರಿಗೆ ಬಂದೂಕು ಹಿಡಿಯುವುದನ್ನು ವರ್ಷ ವರ್ಷ ಅಭ್ಯಾಸ ಮಾಡಿಸುತ್ತೇವೆ. ಗುಂಡು ಬಿದ್ದ ಜಾಗವನ್ನು ಒತ್ತಿ ಹಿಡಿಯುವುದನ್ನು ಒಮ್ಮೆ ಗೊಂಬೆಯ ಮೇಲೆ ತೋರಿಸಿ ಕೈ ತೊಳೆದುಕೊಳ್ಳುತ್ತೇವೆ. ಹಂದಿಗೆ ಹೊಡೆಯಲು ಲೈಸೆನ್ಸ್ ಸಿಗುವ ನಾಡಿನಲ್ಲಿ, ಮನುಷ್ಯನ ಗಾಯ ಕಟ್ಟಲು ಸಾಹೇಬರ ಅಪ್ಪಣೆ ಬೇಕೇ?

ದವಾಖಾನೆಯಲ್ಲಿ ಡಾಕ್ಟರು ಗಾಯ ನೋಡಿ, "ಒತ್ತಿ ಹಿಡಿದವರು ಯಾರ್ರಿ? ಅದರಿಂದ ಉಳದಾರ" ಎಂದು ಅಣ್ಣನನ್ನು ಒಳಗೆ ಕರೆದೊಯ್ದರು. ಜೀವಕ್ಕೆ ಅಪಾಯವಿಲ್ಲ, ಕಾಲಿನ ಮಾತು ಈಗಲೇ ಹೇಳಲಾಗದು ಎಂದರು. ಇಂದಿಗೂ ಹಾಗೆಯೇ ಹೇಳುತ್ತಿದ್ದಾರೆ. ಫೋನ್ ಬಂದರೆ ಸಾಕು, ಮನೆಯವರೆಲ್ಲ ಬೆಚ್ಚಿಬೀಳುತ್ತೇವೆ.

ವೈನಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಮೊಣಕೈವರೆಗೆ ರಕ್ತ ಒಣಗಿ ಕಪ್ಪಾಗಿತ್ತು. ನರ್ಸ್ ಬಾಯಿ ಬಂದು, "ನಳ ಅಲ್ಲೈತಿ ನೋಡ್ರಿ ಅಕ್ಕಾರ, ಕೈ ತೊಳಕೊಂಡು ಬರ್ರಿ" ಎಂದರು. ವೈನಿ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹವಾಲ್ದಾರರನ್ನು ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ತೊಳಕೊಂಡ್ರ ಕೇಸಿಗೆ ಏನಾರ ಆಗ್ತೈತೇನೋ?"

ಗಂಡನ ಜೀವ ಉಳಿಸಿದ ಕೈ ತೊಳೆಯಲೂ ಹೆದರುವ ಹೆಂಗಸು, ನಾಳೆ ದಾರಿಯಲ್ಲಿ ಬಿದ್ದ ಪರರ ಗಾಯಕ್ಕೆ ಕೈ ಹಚ್ಚುತ್ತಾಳೆಯೇ?